ರೈಲು ಹೊರಟಿತು, ಸಮೀಕರಣ ಹೊರಡಲಿಲ್ಲ

ದೂರ, ವೇಗ, ಕಾಲದ ಲೆಕ್ಕಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪಠ್ಯಪುಸ್ತಕದಲ್ಲಿ ಎಕ್ಸ್, ವೈ ಎಂದು ಬರೆಯುವ ಕಡೆ ಇಲ್ಲಿ ವೇಗಕ್ಕೆ ‘ವ’, ಕಾಲಕ್ಕೆ ‘ಕ’, ದೂರಕ್ಕೆ ‘ದ’ ಎಂದಿದ್ದೇವೆ. ಪರೀಕ್ಷೆಯಲ್ಲಿ ನಿಮ್ಮ ಮೇಷ್ಟ್ರು ಹೇಳಿಕೊಟ್ಟ ಅಕ್ಷರವನ್ನೇ ಬಳಸಿ. ಲೆಕ್ಕವೇನೂ ಬದಲಾಗುವುದಿಲ್ಲ.

ಪ್ರಶ್ನೆ: ದೂರ = ವೇಗ × ಕಾಲ ಅನ್ನೋದು ಬಾಯಿಪಾಠ ಆಗಿದೆ. ಸಮೀಕರಣ ಕೊಟ್ಟರೆ ಬಿಡಿಸ್ತೀನಿ. ವಾಕ್ಯದಲ್ಲಿ ಲೆಕ್ಕ ಕೊಟ್ಟರೆ ಮಾತ್ರ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗಲ್ಲ. ಉದಾಹರಣೆಗೆ: ‘ಒಂದು ಬಸ್ಸು 180 ಕಿ.ಮೀ. ದೂರವನ್ನು ಒಂದೇ ವೇಗದಲ್ಲಿ ಕ್ರಮಿಸುತ್ತದೆ. ವೇಗ ಗಂಟೆಗೆ 15 ಕಿ.ಮೀ. ಹೆಚ್ಚಿದ್ದಿದ್ದರೆ ಪ್ರಯಾಣಕ್ಕೆ 1 ಗಂಟೆ ಕಡಿಮೆ ಹಿಡಿಯುತ್ತಿತ್ತು. ಬಸ್ಸಿನ ವೇಗವೆಷ್ಟು?’
*ಹತ್ತನೇ ತರಗತಿ ವಿದ್ಯಾರ್ಥಿನಿ, ಅರಸೀಕೆರೆ*

ಉತ್ತರ: ಸೂತ್ರದಿಂದ ಸಮೀಕರಣ ಹುಟ್ಟುವುದಿಲ್ಲ. ಲೆಕ್ಕದ ಮಾತಿನೊಳಗೆ ಎಲ್ಲೋ ಒಂದು ಕಡೆ ‘ಇದೂ ಅದೂ ಸಮ’ ಎನ್ನುವ ಸಂಗತಿ ಅಡಗಿ ಕೂತಿರುತ್ತದೆ. ಸಮೀಕರಣ ಹುಟ್ಟುವುದು ಅಲ್ಲಿಂದ. ಹಾಗಾಗಿ ಅಕ್ಷರ, ಚಿಹ್ನೆ ಏನನ್ನೂ ಬರೆಯುವ ಮೊದಲು ಆ ಸಂಗತಿಯನ್ನು ಕನ್ನಡದಲ್ಲೇ ಒಂದು ಸಾಲು ಬರೆದುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಆ ಸಾಲು ಇದು:

ಈಗ ಹಿಡಿಯುವ ಕಾಲ − ವೇಗ ಹೆಚ್ಚಿದಾಗ ಹಿಡಿಯುವ ಕಾಲ = 1 ಗಂಟೆ

ಅರ್ಧ ಕೆಲಸ ಇಲ್ಲಿಗೇ ಮುಗಿಯಿತು. ಇನ್ನು ದೂರ, ವೇಗ, ಕಾಲ ಎಂದು ಮೂರು ಕಾಲಂ ಹಾಕಿ. ಬಸ್ಸು ಈಗ ಹೋಗುವುದಕ್ಕೆ ಒಂದು ಸಾಲು, ಜೋರಾಗಿ ಹೋದರೆ ಎಂಬುದಕ್ಕೆ ಇನ್ನೊಂದು. ಮೊದಲ ಸಾಲಿನಲ್ಲಿ ದೂರ 180, ವೇಗ ವ. ಎರಡನೆಯದರಲ್ಲಿ ದೂರ 180, ವೇಗ ವ + 15. ಪ್ರತಿ ಸಾಲಿನಲ್ಲಿ ಎರಡು ಮನೆ ತುಂಬಿದ ಮೇಲೆ ಮೂರನೆಯ ಮನೆಯನ್ನು ಸೂತ್ರದಿಂದಲೇ ತುಂಬಬೇಕು. ಸೂತ್ರಕ್ಕೆ ಇರುವ ಕೆಲಸ ಅಷ್ಟೇ. ಕಾಲಗಳು 180/ವ ಮತ್ತು 180/(ವ + 15) ಎಂದು ಬರುತ್ತವೆ. ಅವನ್ನು ಕನ್ನಡದ ಸಾಲಿಗೆ ಇಳಿಸಿದರೆ:

180/ವ − 180/(ವ + 15) = 1

ತುಂಬಾ ಮಂದಿ ಎಡವುವ ಜಾಗ ಇದು. ‘ಹೆಚ್ಚು’ ಎಂಬ ಪದ ಕಂಡ ಕೂಡಲೇ ವ + 15 ಇರುವ ಪದವನ್ನು ಮುಂದೆ ಬರೆದು ಅದರಿಂದ ಇನ್ನೊಂದನ್ನು ಕಳೆಯುತ್ತಾರೆ. ವೇಗ ಹೆಚ್ಚಾದರೆ ಕಾಲ ಕಡಿಮೆ. ಛೇದ ಚಿಕ್ಕದಿರುವ ಪದವೇ ದೊಡ್ಡದು, ಮುಂದೆ ಬರಬೇಕಾದದ್ದೂ ಅದೇ.

ಛೇದಗಳನ್ನು ತೆಗೆಯಲು ಎರಡೂ ಬದಿಯನ್ನು ವ(ವ + 15)ರಿಂದ ಗುಣಿಸಿ. ಬಲಗಡೆಯ 1ನ್ನೂ ಗುಣಿಸಬೇಕು, ಅದನ್ನು ಹಾಗೇ ಬಿಡುವವರು ಬಹಳ. ಎಡಗಡೆ 180ವ + 2700 − 180ವ, ಅಂದರೆ ಬರೀ 2700 ಉಳಿಯುತ್ತದೆ:

ವ(ವ + 15) = 2700

ಇಲ್ಲಿ ವ² + 15ವ − 2700 = 0 ಎಂದು ಬರೆದು ಅಪವರ್ತನ ಹುಡುಕಲು ಕೂತರೆ ಸುಸ್ತಾಗುತ್ತದೆ. ಸಮೀಕರಣ ಕೇಳುತ್ತಿರುವುದನ್ನು ಓದಿ ನೋಡಿ: ಗುಣಲಬ್ಧ 2700, ವ್ಯತ್ಯಾಸ 15 ಇರುವ ಎರಡು ಸಂಖ್ಯೆ. 2700ರ ವರ್ಗಮೂಲ ಸುಮಾರು 52. ಅಲ್ಲಿಂದ ಆಚೆ ಈಚೆ 15ರ ಅರ್ಧದಷ್ಟು, ಅಂದರೆ ಏಳೂವರೆ ಸರಿಯಿರಿ. 44–45ರ ಹತ್ತಿರ ಒಂದು, 59–60ರ ಹತ್ತಿರ ಇನ್ನೊಂದು. 45 × 60 = 2700. ಸಿಕ್ಕಿತು. ಉತ್ತರ ಪತ್ರಿಕೆಯಲ್ಲಿ (ವ + 60)(ವ − 45) = 0 ಎಂದು ಕ್ರಮವಾಗಿ ಬರೆಯಿರಿ.

ಮೂಲಗಳು 45 ಮತ್ತು −60. ವೇಗ ಋಣ ಸಂಖ್ಯೆಯಾಗದು ಎಂದು ಒಂದು ಸಾಲು ಕಾರಣ ಬರೆದು −60ನ್ನು ಬಿಡಿ. ಬಿಡುವ ಮುನ್ನ ಒಮ್ಮೆ ನೋಡಿ: ಋಣ ಚಿಹ್ನೆ ತೆಗೆದರೆ 60, ಅದು ಹೆಚ್ಚಿದ ವೇಗವೇ. ಈ ಬಗೆಯ ಲೆಕ್ಕದಲ್ಲಿ ಯಾವಾಗಲೂ ಹೀಗೇ ಆಗುತ್ತದೆ, ಆಗದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ. ತಾಳೆ: 180/45 = 4 ಗಂಟೆ, 180/60 = 3 ಗಂಟೆ, ವ್ಯತ್ಯಾಸ 1.

ಇನ್ನೊಂದು ದಾರಿಯೂ ಇದೆ. ಕೇಳಿದ್ದು ವೇಗವಾದರೂ ಅಕ್ಷರವನ್ನು ಕಾಲಕ್ಕೆ ಇಡಬಹುದು. ಆಗ (180/ಕ + 15)(ಕ − 1) = 180. ಬಿಡಿಸಿ 15ರಿಂದ ಭಾಗಿಸಿದರೆ ಕ² − ಕ − 12 = 0, ಅಂದರೆ ಕ = 4. ಸಂಖ್ಯೆಗಳು ಎಷ್ಟು ಹಗುರವಾದವು ನೋಡಿ. ಆದರೆ ಉತ್ತರ 4 ಅಲ್ಲ, 180/4 = 45. ಈ ದಾರಿ ಹಿಡಿದವರು 4ಕ್ಕೇ ಪೆನ್ನು ಕೆಳಗಿಡುವುದುಂಟು. ಆದ್ದರಿಂದ ಪ್ರಶ್ನೆಯ ಕೊನೆಯ ವಾಕ್ಯಕ್ಕೆ ಮೊದಲೇ ಗೆರೆ ಎಳೆದುಕೊಳ್ಳಿ.

ಪ್ರಶ್ನೆ: ‘ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರೆ ಶಾಲೆಗೆ 5 ನಿಮಿಷ ತಡ, 5 ಕಿ.ಮೀ. ವೇಗದಲ್ಲಿ ನಡೆದರೆ 10 ನಿಮಿಷ ಮುಂಚೆ. ಶಾಲೆ ಎಷ್ಟು ದೂರ?’ ಮಗ ವ್ಯತ್ಯಾಸ 5 ನಿಮಿಷ ಎನ್ನುತ್ತಾನೆ, ಪುಸ್ತಕದ ಉತ್ತರ ಬರುವುದಿಲ್ಲ. ಅವನಿಗೆ ಹೇಗೆ ಬಿಡಿಸಿ ಹೇಳಲಿ?
*ಒಬ್ಬ ತಾಯಿ, ಶಿರಸಿ*

ಉತ್ತರ: ಅಡ್ಡಲಾಗಿ ಒಂದು ಗೆರೆ ಎಳೆದು ನಡುವೆ ‘ಗಂಟೆ ಬಾರಿಸುವ ಹೊತ್ತು’ ಎಂದು ಗುರುತು ಹಾಕಿಸಿ. ಬಲಕ್ಕೆ 5 ನಿಮಿಷದಲ್ಲಿ ಒಂದು ಚುಕ್ಕೆ, ಎಡಕ್ಕೆ 10 ನಿಮಿಷದಲ್ಲಿ ಇನ್ನೊಂದು. ಎರಡು ಚುಕ್ಕೆಗಳ ನಡುವೆ 15 ನಿಮಿಷ ಇರುವುದು ಅವನಿಗೇ ಕಾಣುತ್ತದೆ. ಒಂದು ತಡ, ಒಂದು ಮುಂಚೆ ಇದ್ದರೆ ಕೂಡಬೇಕು. ಎರಡೂ ತಡವಾಗಿದ್ದರೆ, ಅಥವಾ ಎರಡೂ ಮುಂಚೆಯಾಗಿದ್ದರೆ ಕಳೆಯಬೇಕು.

ವೇಗ ಗಂಟೆಯ ಲೆಕ್ಕದಲ್ಲಿರುವುದರಿಂದ 15 ನಿಮಿಷವನ್ನು 1/4 ಗಂಟೆ ಎಂದು ಬರೆಯಿರಿ:

ದ/4 − ದ/5 = 1/4

ಎಡಗಡೆ ದ/20. ಆದ್ದರಿಂದ ದ = 5 ಕಿ.ಮೀ. ತಾಳೆ ನೋಡುವಾಗ ನಿಮಿಷಕ್ಕೆ ಬನ್ನಿ: 4ರ ವೇಗದಲ್ಲಿ 75 ನಿಮಿಷ, 5ರ ವೇಗದಲ್ಲಿ 60 ನಿಮಿಷ. 75ರಲ್ಲಿ 5 ಕಳೆದರೂ 70, 60ಕ್ಕೆ 10 ಕೂಡಿದರೂ 70.

ಪ್ರಶ್ನೆ: ಹೋಗುವಾಗ ಗಂಟೆಗೆ 40, ಬರುವಾಗ 60 ಕಿ.ಮೀ. ವೇಗ. ಸರಾಸರಿ 50 ಅಲ್ಲ, 48 ಅಂತಾರೆ. ಸರಾಸರಿ ಅಂದರೆ ಕೂಡಿಸಿ ಎರಡರಿಂದ ಭಾಗಿಸೋದೇ ಅಲ್ಲವೇ?
*ಬೈಕ್ ಸವಾರ, ಬಳ್ಳಾರಿ*

ಉತ್ತರ: ಸರಾಸರಿ ವೇಗವೆಂದರೆ ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದ್ದು. ಒಂದು ಕಡೆಗೆ 120 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗಲು 3 ಗಂಟೆ, ಬರಲು 2 ಗಂಟೆ. 240 ಕಿ.ಮೀ.ಗೆ 5 ಗಂಟೆ, ಅಂದರೆ 48. ನಿಧಾನವಾಗಿ ಓಡಿಸಿದಾಗ ಹೆಚ್ಚು ಹೊತ್ತು ರಸ್ತೆಯ ಮೇಲಿರುತ್ತೀರಿ, ಹಾಗಾಗಿ ಸರಾಸರಿ ನಿಧಾನದ ಕಡೆಗೇ ವಾಲುತ್ತದೆ. ಎರಡು ಗಂಟೆ 40ರಲ್ಲಿ, ಎರಡು ಗಂಟೆ 60ರಲ್ಲಿ ಓಡಿಸಿದ್ದರೆ ನೀವು ಹೇಳುವ 50 ಸರಿ. ಕಾಲ ಸಮವಿದ್ದಾಗ ಮಾತ್ರ ಅದು ನಡೆಯುತ್ತದೆ.

ಇದರಲ್ಲೇ ಒಂದು ಚೇಷ್ಟೆಯ ಲೆಕ್ಕವಿದೆ. ಹೋಗುವಾಗ 30ರ ವೇಗ. ಒಟ್ಟು ಸರಾಸರಿ 60 ಆಗಬೇಕಾದರೆ ಬರುವಾಗ ಎಷ್ಟು ವೇಗ ಬೇಕು? ಬಹಳ ಮಂದಿ 90 ಎನ್ನುತ್ತಾರೆ. ಸಮೀಕರಣ ಬರೆದರೆ 1/30 + 1/ವ = 1/30 ಎಂದಾಗಿ, 1/ವ = 0 ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಂಥ ವೇಗವೇ ಇಲ್ಲ. ಇಡೀ ಪ್ರಯಾಣಕ್ಕೆ ಇದ್ದ ಸಮಯವೆಲ್ಲ ಹೋಗುವಾಗಲೇ ಖರ್ಚಾಗಿದೆ.

ಪ್ರಶ್ನೆ: ‘ಬೆಳಿಗ್ಗೆ 6 ಗಂಟೆಗೆ ಕೆಂಪು ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೊರಟಿತು. 7:30ಕ್ಕೆ ಅದೇ ಜಾಗದಿಂದ ಕಾರು 60 ಕಿ.ಮೀ. ವೇಗದಲ್ಲಿ ಹಿಂಬಾಲಿಸಿತು. ಯಾವಾಗ ಬಸ್ಸನ್ನು ಹಿಡಿಯುತ್ತದೆ?’ ಮಕ್ಕಳಿಂದ ಹತ್ತು ಥರದ ಉತ್ತರ ಬರುತ್ತದೆ. ತಪ್ಪು ಎಲ್ಲಿ ಆಗುತ್ತಿದೆ?
*ಪ್ರೌಢಶಾಲಾ ಶಿಕ್ಷಕರು, ಸಿಂಧನೂರು*

ಉತ್ತರ: ಈ ಲೆಕ್ಕದಲ್ಲಿ ತಪ್ಪು ಸಾಮಾನ್ಯವಾಗಿ ಎರಡು ಕಡೆ ಆಗುತ್ತದೆ, ಬೀಜಗಣಿತಕ್ಕೂ ಅವಕ್ಕೂ ಸಂಬಂಧ ಕಡಿಮೆ.

ಮೊದಲನೆಯದು ಗಂಟೆ ಮತ್ತು ದಶಮಾಂಶದ ಕಲಬೆರಕೆ. 1 ಗಂಟೆ 30 ನಿಮಿಷವನ್ನು 1.30 ಎಂದು ಬರೆಯುತ್ತಾರೆ. ಆಗ 40ಕ = 60(ಕ − 1.3) ಆಗಿ ಕ = 3.9 ಬರುತ್ತದೆ. ಅದನ್ನು ಕೆಲವರು 3 ಗಂಟೆ 9 ನಿಮಿಷ ಎಂದು ಓದಿ 9:09 ಎನ್ನುತ್ತಾರೆ, ಕೆಲವರು 3 ಗಂಟೆ 54 ನಿಮಿಷ ಎಂದು ಓದಿ 9:54 ಎನ್ನುತ್ತಾರೆ. ತಾಳೆ ನೋಡಿಸಿ. 9:54ಕ್ಕೆ ಬಸ್ಸು 156 ಕಿ.ಮೀ. ಹೋಗಿರುತ್ತದೆ, ಕಾರು 2.4 ಗಂಟೆಯಲ್ಲಿ 144 ಕಿ.ಮೀ. ಇನ್ನೂ 12 ಕಿ.ಮೀ. ಹಿಂದಿದೆ. ನಿಮಿಷಗಳನ್ನು ದಶಮಾಂಶ ಮಾಡಲು ಬಿಡಲೇಬೇಡಿ, 60ರ ಮೇಲಿನ ಭಿನ್ನರಾಶಿಯಾಗಿಯೇ ಇಡಿಸಿ: 12 ನಿಮಿಷ 1/5, 20 ನಿಮಿಷ 1/3, 40 ನಿಮಿಷ 2/3, 45 ನಿಮಿಷ 3/4. 20 ನಿಮಿಷವನ್ನು 0.33 ಎಂದು ಬರೆದರೂ ಕೊನೆಯಲ್ಲಿ ಉತ್ತರ ಒಂದಿಷ್ಟು ಆಚೀಚೆ ಹೋಗಿ ಅಪವರ್ತನ ಕೂರುವುದಿಲ್ಲ.

ಎರಡನೆಯದು, ‘ಕ’ ಯಾರ ಕಾಲ ಎಂದು ಬರೆದುಕೊಳ್ಳದಿರುವುದು. ಬಸ್ಸಿನ ಕಾಲವಾದರೆ 40ಕ = 60(ಕ − 3/2), ಕ = 4½, ಅದನ್ನು 6 ಗಂಟೆಗೆ ಕೂಡಬೇಕು. ಕಾರಿನ ಕಾಲವಾದರೆ 40(ಕ + 3/2) = 60ಕ, ಕ = 3, ಅದನ್ನು 7:30ಕ್ಕೆ ಕೂಡಬೇಕು. ಎರಡೂ 10:30ಕ್ಕೇ ತಲುಪುತ್ತವೆ, 180 ಕಿ.ಮೀ. ದೂರದಲ್ಲಿ. ಒಂದರ ಕಾಲವನ್ನು ಇನ್ನೊಂದರ ಗಡಿಯಾರಕ್ಕೆ ಕೂಡಿದವರಿಗೆ 9 ಗಂಟೆ ಅಥವಾ 12 ಗಂಟೆ ಬರುತ್ತದೆ. ಮಗುವಿನ ತಪ್ಪು ಉತ್ತರ ನೋಡಿಯೇ ಎಲ್ಲಿ ಜಾರಿದೆ ಎಂದು ಹೇಳಿಬಿಡಬಹುದು.

ಬಾಯಿಲೆಕ್ಕದಲ್ಲಿ ಮಾಡಬೇಕೆಂದರೆ: ಕಾರು ಹೊರಡುವಾಗ ಬಸ್ಸು 60 ಕಿ.ಮೀ. ಮುಂದಿದೆ. ಕಾರು ಗಂಟೆಗೆ 20 ಕಿ.ಮೀ.ನಂತೆ ಆ ಅಂತರವನ್ನು ತಿನ್ನುತ್ತದೆ. ಮೂರು ಗಂಟೆ.

ಪ್ರಶ್ನೆ: ರೈಲು ಪ್ಲಾಟ್‌ಫಾರ್ಮ್ ದಾಟುವ ಲೆಕ್ಕದಲ್ಲಿ ರೈಲಿನ ಉದ್ದ ಯಾಕೆ ಕೂಡಿಸಬೇಕು? ಕಂಬ ದಾಟುವಾಗ ಯಾಕೆ ಕಂಬದ ಅಗಲ ಕೂಡಿಸಲ್ಲ?
*ಒಂಬತ್ತನೇ ತರಗತಿ ವಿದ್ಯಾರ್ಥಿ, ಹುಬ್ಬಳ್ಳಿ*

ಉತ್ತರ: ನಿಮ್ಮ ಊರಿನ ನಿಲ್ದಾಣವನ್ನೇ ತೆಗೆದುಕೊಳ್ಳಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರಾದದ್ದು. ‘ದಾಟುವುದು’ ಶುರುವಾಗುವುದು ಎಂಜಿನ್ನಿನ ಮೂತಿ ಈ ತುದಿಗೆ ಬಂದಾಗ, ಮುಗಿಯುವುದು ಕೊನೆಯ ಬೋಗಿ ಆ ತುದಿಯನ್ನು ಬಿಟ್ಟಾಗ. ಅಷ್ಟರಲ್ಲಿ ಎಂಜಿನ್ನಿನ ಮೂತಿ ಪ್ಲಾಟ್‌ಫಾರ್ಮಿನ ಉದ್ದ ಮುಗಿಸಿ, ಆಮೇಲೆ ತನ್ನ ರೈಲಿನ ಉದ್ದದಷ್ಟು ಮುಂದೆ ಹೋಗಿರುತ್ತದೆ. ಒಂದು ಬೋಗಿ ಸುಮಾರು 24 ಮೀಟರ್. ಇಪ್ಪತ್ತು ಬೋಗಿ, ಒಂದು ಎಂಜಿನ್ ಸೇರಿದರೆ ರೈಲು 500 ಮೀಟರ್ ಆಸುಪಾಸು. ಅದು ನಿಲ್ಲದೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ 10 ಮೀಟರ್. 2007 ಮೀಟರಿಗೆ ಸುಮಾರು 201 ಸೆಕೆಂಡು, ಅಂದರೆ 3 ನಿಮಿಷ 21 ಸೆಕೆಂಡು. ಕಂಬದ ಅಗಲವನ್ನೂ ಕೂಡಿಸಬಹುದಿತ್ತು. 500 ಮೀಟರಿನ ಮುಂದೆ ಅದು ಲೆಕ್ಕಕ್ಕಿಲ್ಲ, ಅಷ್ಟೇ.

ಉದ್ದವೂ ವೇಗವೂ ಗೊತ್ತಿಲ್ಲದಾಗ ಈ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಕಂಬ ದಾಟಲು 9 ಸೆಕೆಂಡು, 240 ಮೀಟರ್ ಪ್ಲಾಟ್‌ಫಾರ್ಮ್ ದಾಟಲು 21 ಸೆಕೆಂಡು ಎಂದರೆ ಹೆಚ್ಚುವರಿ 12 ಸೆಕೆಂಡು ಹಿಡಿದದ್ದು ಬರೀ 240 ಮೀಟರಿಗೆ. ವೇಗ ಸೆಕೆಂಡಿಗೆ 20 ಮೀಟರ್, ರೈಲಿನ ಉದ್ದ 9 × 20 = 180 ಮೀಟರ್.

ಗಂಟೆಗೆ ಕಿ.ಮೀ. ಇರುವುದನ್ನು ಸೆಕೆಂಡಿಗೆ ಮೀಟರ್ ಮಾಡಲು 5/18ರಿಂದ ಗುಣಿಸಿ. 1000ವನ್ನು 3600ರಿಂದ ಭಾಗಿಸಿದಾಗ ಬರುವುದು ಅದೇ. 18ಕ್ಕೆ 5, 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25 ಎಂದು ಮಗ್ಗಿಯಂತೆ ನೆನಪಿಟ್ಟರೆ ಸಾಕು. ಗುಣಿಸಬೇಕೋ ಭಾಗಿಸಬೇಕೋ ಎಂದು ಗೊಂದಲವಾದರೆ, ಸೆಕೆಂಡಿಗೆ ಮೀಟರಿನ ಸಂಖ್ಯೆ ಯಾವಾಗಲೂ ಚಿಕ್ಕದು ಎಂದು ನೆನಪಿಸಿಕೊಳ್ಳಿ.

ಪ್ರಶ್ನೆ: ಎದುರುಬದುರು ಬಂದರೆ ವೇಗ ಕೂಡಿಸು, ಒಂದೇ ದಿಕ್ಕಾದರೆ ಕಳೆ ಅನ್ನೋ ನಿಯಮ ಇಂಗ್ಲಿಷರ ಕಾಲದ ರೈಲಿನ ಜತೆ ಬಂದದ್ದೇ?
*ನಿವೃತ್ತ ಅಂಚೆ ನೌಕರರು, ಸಾಗರ*

ಉತ್ತರ: ಅಲ್ಲ. ಕ್ರಿ.ಶ. 499ರ ಹೊತ್ತಿನ ಆರ್ಯಭಟೀಯದ ಗಣಿತಪಾದದಲ್ಲೇ ಇದಕ್ಕೊಂದು ಶ್ಲೋಕವಿದೆ. ವಿರುದ್ಧ ದಿಕ್ಕಾದರೆ ನಡುವಿನ ಅಂತರವನ್ನು ಗತಿಗಳ ಮೊತ್ತದಿಂದ, ಒಂದೇ ದಿಕ್ಕಾದರೆ ಗತಿಗಳ ವ್ಯತ್ಯಾಸದಿಂದ ಭಾಗಿಸು, ಕೂಡುವ ಕಾಲ ಸಿಗುತ್ತದೆ ಎಂದು. ಅಲ್ಲಿ ಓಡುತ್ತಿದ್ದದ್ದು ಗ್ರಹಗಳು. ನಮ್ಮ ನಾಡಿನ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ, 9ನೇ ಶತಮಾನದ ಮಹಾವೀರಾಚಾರ್ಯನ ಗ್ರಂಥದಲ್ಲೂ ಇಬ್ಬರು ಪಯಣಿಗರು ಸೇರುವ ಲೆಕ್ಕಗಳಿವೆ.

ರೈಲಿಗೆ ಅನ್ವಯಿಸಿ ನೋಡುವುದಾದರೆ: 180 ಮೀ. ಮತ್ತು 170 ಮೀ. ಉದ್ದದ ಎರಡು ರೈಲು, ಸೆಕೆಂಡಿಗೆ 20 ಮತ್ತು 15 ಮೀಟರ್ ವೇಗ. ಎದುರುಬದುರಾದರೆ 350/35 = 10 ಸೆಕೆಂಡಿನಲ್ಲಿ ದಾಟಿಕೊಳ್ಳುತ್ತವೆ. ಒಂದೇ ದಿಕ್ಕಾದರೆ 350/5 = 70 ಸೆಕೆಂಡು. ಉದ್ದಗಳನ್ನು ಎರಡೂ ಸಲ ಕೂಡಲೇಬೇಕು. ಕಳೆಯುವುದು ವೇಗವನ್ನು ಮಾತ್ರ.

ಪ್ರಶ್ನೆ: ದೋಣಿ ಲೆಕ್ಕ: ‘ಪ್ರವಾಹದ ಜತೆ 30 ಕಿ.ಮೀ., ಎದುರು 12 ಕಿ.ಮೀ. ಹೋಗಲು ಒಟ್ಟು 5 ಗಂಟೆ. ಜತೆ 20 ಕಿ.ಮೀ., ಎದುರು 24 ಕಿ.ಮೀ. ಹೋಗಲು 6 ಗಂಟೆ. ದೋಣಿಯ ವೇಗ, ನೀರಿನ ವೇಗ ಕಂಡುಹಿಡಿಯಿರಿ.’ ಛೇದದಲ್ಲೇ ಎರಡೆರಡು ಅಕ್ಷರ ಬಂದು ಕೈ ಕಟ್ಟಿಹೋಗುತ್ತದೆ.
*ಪಿಯುಸಿ ವಿದ್ಯಾರ್ಥಿನಿ, ಹೊನ್ನಾವರ*

ಉತ್ತರ: ನಿಶ್ಚಲ ನೀರಿನಲ್ಲಿ ದೋಣಿಯ ವೇಗ ‘ದೋ’, ಪ್ರವಾಹದ ವೇಗ ‘ನೀ’ ಆಗಿರಲಿ. ಜತೆಗೆ ಹೋಗುವಾಗ ದೋ + ನೀ, ಎದುರು ಹೋಗುವಾಗ ದೋ − ನೀ. ಇವನ್ನು ಬಿಡಿಸಲು ಹೋಗದೆ 1/(ದೋ + ನೀ) ಎಂಬುದನ್ನು ಪ, 1/(ದೋ − ನೀ) ಎಂಬುದನ್ನು ಫ ಎಂದು ಕರೆಯಿರಿ:

30ಪ + 12ಫ = 5
20ಪ + 24ಫ = 6

ಮೊದಲನೆಯದನ್ನು 2ರಿಂದ ಗುಣಿಸಿ ಎರಡನೆಯದನ್ನು ಕಳೆದರೆ 40ಪ = 4, ಪ = 1/10. ಅದನ್ನು ಮೊದಲನೆಯದಕ್ಕೆ ಹಾಕಿದರೆ 12ಫ = 2, ಫ = 1/6. ಇಲ್ಲಿ ತಲೆಕೆಳಗು ಮಾಡುವುದನ್ನು ಮರೆಯಬೇಡಿ: ದೋ + ನೀ = 10, ದೋ − ನೀ = 6. ಕೂಡಿ ಅರ್ಧ ಮಾಡಿದರೆ ದೋಣಿ 8, ಕಳೆದು ಅರ್ಧ ಮಾಡಿದರೆ ನೀರು 2. ಪ, ಫಗಳಿಗೆ ಅರ್ಥವೂ ಇದೆ, ಒಂದು ಕಿ.ಮೀ.ಗೆ ಹಿಡಿಯುವ ಗಂಟೆ. ಎದುರು ಹೋಗುವಾಗ ಹೆಚ್ಚು ಹೊತ್ತು ಹಿಡಿಯಬೇಕಾದ್ದರಿಂದ ಫ ಯಾವಾಗಲೂ ಪಗಿಂತ ದೊಡ್ಡದಿರಬೇಕು. ಹಾಗಿಲ್ಲದಿದ್ದರೆ ಕೂಡಲೇ ಹಿಂದಿರುಗಿ ನೋಡಿ.

ಇದೇ ದೋಣಿ 30 ಕಿ.ಮೀ. ಹೋಗಿ 30 ಕಿ.ಮೀ. ವಾಪಸು ಬಂದರೆ 3 + 5 = 8 ಗಂಟೆ. ನಿಂತ ನೀರಿನಲ್ಲಾದರೆ 60/8 = 7½ ಗಂಟೆ ಸಾಕಿತ್ತು. ಹೋಗುವಾಗಿನ ಲಾಭ ಬರುವಾಗಿನ ನಷ್ಟವನ್ನು ತುಂಬುವುದಿಲ್ಲ, ಬಳ್ಳಾರಿಯ ಸವಾರರಿಗೆ ಮೇಲೆ ಹೇಳಿದ ಕಾರಣಕ್ಕೇ. ಪ್ರವಾಹದ ವೇಗ ತಿಳಿಯದೆ ಈ 8 ಗಂಟೆ ಕೊಟ್ಟಿದ್ದರೆ ಸಮೀಕರಣ 64 − ನೀ² = 60 ಎಂಬಲ್ಲಿಗೆ ಬಂದು ನೀ = 2 ಅಥವಾ −2 ಎನ್ನುತ್ತದೆ. ಈ −2 ಬಸ್ಸಿನ ಲೆಕ್ಕದ −60ರಂತೆ ಅರ್ಥವಿಲ್ಲದ್ದಲ್ಲ. ನೀರು ಆ ಕಡೆಯಿಂದ ಈ ಕಡೆಗೆ ಹರಿಯುತ್ತಿದೆ ಎಂದಷ್ಟೇ ಅದರ ಅರ್ಥ. ಕೇಳಿದ್ದು ವೇಗ ಮಾತ್ರವಾದ್ದರಿಂದ 2 ಎಂದು ಬರೆಯುತ್ತೇವೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಕೋಚಿಂಗ್‌ನಲ್ಲಿ ಶಾರ್ಟ್‌ಕಟ್‌ಗಳನ್ನು ರಾಶಿ ಹಾಕಿದ್ದಾರೆ. ಯಾವುದನ್ನು ಇಟ್ಟುಕೊಳ್ಳಲಿ?
*ಪದವೀಧರ, ವಿಜಯಪುರ*

ಉತ್ತರ: ಷರತ್ತು ಗೊತ್ತಿರುವುದನ್ನು ಮಾತ್ರ ಇಟ್ಟುಕೊಳ್ಳಿ. ಹೆಚ್ಚು ಬೆಲೆಯುಳ್ಳದ್ದು ಒಂದೇ: ದೂರ ಸಮವಿದ್ದಾಗ ಕಾಲದ ಅನುಪಾತ ವೇಗದ ಅನುಪಾತದ ತಲೆಕೆಳಗು. ‘ಎಂದಿನ ವೇಗದ 3/4ರಲ್ಲಿ ನಡೆದು 20 ನಿಮಿಷ ತಡ’ ಎಂದರೆ ಕಾಲ 4/3 ಆಯಿತು, ಹೆಚ್ಚಾದ 1/3 ಭಾಗವೇ 20 ನಿಮಿಷ, ಎಂದಿನ ಕಾಲ 60 ನಿಮಿಷ. ಪ್ರಶ್ನೆಯನ್ನು ಕೊಂಚ ತಿರುಗಿಸಿ ‘ಅರ್ಧ ದಾರಿ ಮಾಮೂಲಿ ವೇಗದಲ್ಲಿ ಹೋಗಿ, ಉಳಿದರ್ಧ 3/4 ವೇಗದಲ್ಲಿ ಹೋಗಿ 20 ನಿಮಿಷ ತಡ’ ಎಂದರೆ ಆ 60 ನಿಮಿಷ ಉಳಿದರ್ಧಕ್ಕೆ ಮಾತ್ರ, ಪೂರ್ತಿ ದಾರಿಗೆ 2 ಗಂಟೆ. ಪರೀಕ್ಷೆಯಲ್ಲಿ ಆಯ್ಕೆಗಳ ನಡುವೆ 60 ನಿಮಿಷ ಕೂಡ ಕಾದು ಕೂತಿರಬಹುದು.

ವೇಗ ಶೇ 25 ಹೆಚ್ಚಾದರೆ ಕಾಲ ಶೇ 25 ಕಡಿಮೆಯಾಗುವುದಿಲ್ಲ, ಶೇ 20 ಕಡಿಮೆಯಾಗುತ್ತದೆ: 5/4ರ ತಲೆಕೆಳಗು 4/5. ನಿಲುಗಡೆ ಬಿಟ್ಟು 54, ನಿಲುಗಡೆ ಸೇರಿ 45 ಎಂಬ ಬಸ್ಸು ಗಂಟೆಗೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದರೆ, ಕಳೆದುಕೊಂಡ 9 ಕಿ.ಮೀ.ಯನ್ನು ಓಡುವ ವೇಗದಿಂದ ಭಾಗಿಸಿ: 9/54 ಗಂಟೆ, 10 ನಿಮಿಷ. ಅದನ್ನು 45ರಿಂದ ಭಾಗಿಸಿದವರಿಗೆ 12 ಬರುತ್ತದೆ.

ಭೇಟಿಯಾದ ನಂತರದ ಕಾಲದ ವರ್ಗಮೂಲ ಹಿಡಿಯುವ ಸೂತ್ರವನ್ನೂ ನಿಮಗೆ ಕೊಟ್ಟಿರುತ್ತಾರೆ. ಇಬ್ಬರು ಎದುರುಬದುರು ಹೊರಟು, ಭೇಟಿಯಾದ ಮೇಲೆ ಒಬ್ಬ 4 ಗಂಟೆಯಲ್ಲಿ, ಇನ್ನೊಬ್ಬ 9 ಗಂಟೆಯಲ್ಲಿ ಊರು ಸೇರಿದರೆ ವೇಗಗಳು 3:2. ಎಲ್ಲಿಂದ ಬಂತು ಎಂದರೆ, ಮೊದಲಿನವ ಭೇಟಿಯವರೆಗೆ ಕ ಗಂಟೆ ನಡೆದ ದಾರಿಯನ್ನೇ ಇನ್ನೊಬ್ಬ ಆಮೇಲೆ 9 ಗಂಟೆಯಲ್ಲಿ ನಡೆಯುತ್ತಾನೆ, ಆದ್ದರಿಂದ ವೇಗದ ಅನುಪಾತ 9/ಕ. ಆ ಕಡೆಯಿಂದ ನೋಡಿದರೆ ಅದೇ ಅನುಪಾತ ಕ/4. ಎರಡೂ ಸಮ, ಕ² = 36, ಕ = 6, ಅನುಪಾತ 9/6. ಇಬ್ಬರಿಗೂ ಒಂದೇ ಕ ಬಳಸಿದ್ದೇವೆ ಎಂಬುದನ್ನು ಗಮನಿಸಿ. ಒಬ್ಬ ಅರ್ಧ ಗಂಟೆ ಮುಂಚೆ ಹೊರಟಿದ್ದರೆ ಈ ಶಾರ್ಟ್‌ಕಟ್ ಮುಟ್ಟಬೇಡಿ. ಮೂರು ಕಾಲಂ ಹಾಕಿ ಮೊದಲಿನಿಂದ ಬರೆಯಿರಿ.